ಮೂರು ತಿಂಗಳು, ಮೂರು ಡಬ್ಬ: ಮಕ್ಕಳ ಚಟುವಟಿಕೆ ಕಿಟ್ ಬಗ್ಗೆ ಒಬ್ಬ ಅಜ್ಜಿಯ ಅನುಭವ

ಮಗಳು ಕೆಲಸಕ್ಕೆ ಹೋದರೆ ಮೊಮ್ಮಕ್ಕಳಿಬ್ಬರೂ ನನ್ನ ಜೊತೆ ಇರುತ್ತಾರೆ. ದೊಡ್ಡವಳಿಗೆ ಐದು ವರ್ಷ, ಚಿಕ್ಕವನಿಗೆ ಮೂರೂವರೆ. ಇಬ್ಬರಿಗೂ ಕೈಗೆ ಏನಾದರೂ ಕೆಲಸ ಬೇಕು. "ಅಮ್ಮಾ, ದಿನಾ ಏನು ಮಾಡಿಸೋದು ಅಂತ ನೀನು ತಲೆ ಕೆಡಿಸಿಕೊಳ್ಳಬೇಡ" ಅಂತ ಮಗಳು ತಿಂಗಳಿಗೊಂದರಂತೆ ಮನೆಗೆ ಬರುವ ಚಟುವಟಿಕೆ ಡಬ್ಬ ತರಿಸಿದಳು. ಮೂರು ತಿಂಗಳಿಗೆ ಮೂರು ಡಬ್ಬ. ಒಂದೊಂದರಲ್ಲಿ ಆರು ಚಟುವಟಿಕೆ. ಮೇಲೆ "3ರಿಂದ 6 ವರ್ಷದವರಿಗೆ" ಅಂತ ಬರೆದಿತ್ತು. ಮೂರೂ ಮುಗಿದಿವೆ. ತರಿಸಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಕಂಪನಿಯ ಹೆಸರು ಹಾಕುತ್ತಿಲ್ಲ. ಇಂಥ ಡಬ್ಬ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಥರ. ಯಾವುದನ್ನು ಕೊಳ್ಳುವಾಗಲೂ ನೋಡಬೇಕಾದ್ದು ಇವೇ.

ನಾನು ಮೂವತ್ತೆರಡು ವರ್ಷ ಮನೆಯಲ್ಲೇ ಬಟ್ಟೆ ಹೊಲಿದವಳು. ಅಳತೆ ಬರೆದುಕೊಳ್ಳುವ ಪುಸ್ತಕ ಈಗಲೂ ಕೈಗೆಟಕುವ ಜಾಗದಲ್ಲೇ ಇದೆ. ಮೊದಲ ಡಬ್ಬ ಬಂದ ದಿನ ಅದರ ಖಾಲಿ ಹಾಳೆಯಲ್ಲಿ ಎರಡು ಗೆರೆ ಎಳೆದೆ. ಒಂದು ಕಡೆ "ನನ್ನ ಕೈ", ಇನ್ನೊಂದು ಕಡೆ "ಅವರ ಕೈ". ಪ್ರತಿ ಚಟುವಟಿಕೆಯಲ್ಲೂ ನಾನು ಎಷ್ಟು ನಿಮಿಷ ಕೆಲಸ ಮಾಡಿದೆ, ಮಕ್ಕಳು ಎಷ್ಟು ನಿಮಿಷ ಮಾಡಿದರು ಅಂತ ಬರೆಯುತ್ತಾ ಹೋದೆ. ಮಾಡಿದ ವಸ್ತು ಚೆಂದ ಬಂತೋ ಇಲ್ಲವೋ ಅನ್ನುವುದು ನನಗೆ ಆಮೇಲಿನ ಮಾತು. ಮಗುವಿನ ಕೈ ಆಡಿತಾ? ಅದನ್ನು ಮೊದಲು ನೋಡುತ್ತೇನೆ. ಕತ್ತರಿಸಲು, ಹಿಸುಕಲು, ಪೋಣಿಸಲು ಕಲಿಯಬೇಕಾದ ಬೆರಳುಗಳು ಅವರವು. ನನ್ನವು ಕಲಿತಾಗಿದೆ.

ಮೊದಲು ಕತ್ತರಿಯ ವಿಷಯ. ನನಗೆ ಅತಿ ಬೇಸರ ತಂದದ್ದೂ ಇದೇ, ಕೊನೆಗೆ ಅತಿ ಸಂತೋಷ ಕೊಟ್ಟದ್ದೂ ಇದೇ.

ಡಬ್ಬದಲ್ಲಿ ಎರಡು ಪುಟ್ಟ ಕತ್ತರಿ ಬಂದಿದ್ದವು. ಅಲಗೂ ಪ್ಲಾಸ್ಟಿಕ್, ಹಿಡಿಯೂ ಪ್ಲಾಸ್ಟಿಕ್. ಬೆರಳು ಕೊಯ್ಯುವುದಿಲ್ಲ ಅನ್ನುವುದು ನಿಜ. ಆದರೆ ಕಾಗದವನ್ನೂ ಕೊಯ್ಯುವುದಿಲ್ಲ. ದೊಡ್ಡವಳು ಕಾಗದ ಇಟ್ಟು ಒತ್ತಿದಳು. ಕಾಗದ ಎರಡು ಅಲಗುಗಳ ನಡುವೆ ಮಡಚಿಕೊಂಡು ಕೂತಿತು. ಮತ್ತೆ ಒತ್ತಿದಳು, ಮತ್ತೆ ಮಡಚಿತು. "ಅಜ್ಜಿ, ನಂಗೆ ಬರಲ್ಲ" ಅಂತ ಕತ್ತರಿ ಕೆಳಗಿಟ್ಟಳು. ಆ ಮಾತು ನನಗೆ ತಡೆಯಲಾಗಲಿಲ್ಲ. ಬರದೇ ಇದ್ದದ್ದು ಕತ್ತರಿಗೆ, ಅವಳಿಗಲ್ಲ.

ಕತ್ತರಿ ಕೆಲಸ ಮಾಡುವುದು ಬರೀ ಹರಿತದಿಂದ ಅಲ್ಲ. ಎರಡೂ ಅಲಗು ಒಂದಕ್ಕೊಂದು ಒತ್ತಿಕೊಂಡು ಜಾರಬೇಕು. ನಡುವಿನ ತಿರುಪು ಸಡಿಲವಾದರೆ ಅಲಗುಗಳ ಮಧ್ಯೆ ಸಂದು ಬೀಳುತ್ತದೆ, ಕಾಗದ ಆ ಸಂದಿನೊಳಗೆ ಮಡಚಿಕೊಳ್ಳುತ್ತದೆ. ಈ ಕತ್ತರಿಗಳಲ್ಲಿ ತಿರುಪೇ ಇರಲಿಲ್ಲ, ಒಂದು ಪ್ಲಾಸ್ಟಿಕ್ ಗೂಟ ಅಷ್ಟೆ. ಬಿಗಿ ಮಾಡಲು ಬರುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಅಲಗುಗಳ ಮಧ್ಯೆ ಗೆರೆಯಂತೆ ಬೆಳಕು ಕಾಣುತ್ತಿತ್ತು. ನೀವು ಕೊಳ್ಳುವಾಗಲೂ ಹೀಗೆ ಹಿಡಿದು ನೋಡಿ. ಮಕ್ಕಳಿಗೆ ಬೇಕಾದ್ದು ಸ್ಟೀಲ್ ಅಲಗಿನ, ತುದಿ ಗುಂಡಗಿರುವ, ತಿರುಪು ಬಿಗಿ ಮಾಡಬಹುದಾದ ಪುಟ್ಟ ಕತ್ತರಿ. ದೊಡ್ಡವರು ಪಕ್ಕದಲ್ಲಿ ಕೂತಿದ್ದರೆ ಅದು ಸಾಕಷ್ಟು ಸುರಕ್ಷಿತ. ಕೊಯ್ಯದ ಕತ್ತರಿಗೆ ಮಗು ಜಾಸ್ತಿ ಬಲ ಹಾಕುತ್ತದೆ. ಅಪಾಯ ಇರುವುದು ಆ ಬಲದಲ್ಲಿ.

ಚಿಕ್ಕವನ ಕಥೆ ಬೇರೆ. ಸ್ಟೀಲ್ ಕತ್ತರಿ ತಂದ ಮೇಲೆ ದೊಡ್ಡವಳ ಕೈ ಓಡಿತು, ಇವನದು ಓಡಲಿಲ್ಲ. ಚಮಚ, ಪೆನ್ಸಿಲ್, ಚೆಂಡು ಎಲ್ಲದಕ್ಕೂ ಎಡಗೈ ಮುಂದೆ ಬರುವ ಮಗು ಅವನು. ಮಾಮೂಲಿ ಕತ್ತರಿ ಮಾಡಿರುವುದು ಬಲಗೈಯವರಿಗೆ. ಬಲಗೈಯಲ್ಲಿ ಹಿಡಿದಾಗ ಹೆಬ್ಬೆರಳು ತಳ್ಳುತ್ತದೆ, ಉಳಿದ ಬೆರಳು ಎಳೆಯುತ್ತವೆ, ಆ ಒತ್ತಡಕ್ಕೆ ಅಲಗುಗಳು ಕೂಡಿಕೊಳ್ಳುತ್ತವೆ. ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡ ಅಲಗುಗಳನ್ನು ಬೇರೆ ಮಾಡುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಕತ್ತರಿಸಬೇಕಾದ ಗೆರೆಯನ್ನೇ ಮುಚ್ಚಿಬಿಡುತ್ತದೆ. ಗೆರೆ ಕಾಣಲಿ ಅಂತ ಮಗು ಕುತ್ತಿಗೆ ಓರೆ ಮಾಡಿ ಬಗ್ಗುತ್ತದೆ. ಇವನೂ ಹಾಗೇ ಬಗ್ಗುತ್ತಿದ್ದ. ಎಡಗೈಯವರ ಕತ್ತರಿ ಅಂತಲೇ ಬೇರೆ ಸಿಗುತ್ತದೆ. ಅದರಲ್ಲಿ ಅಲಗುಗಳ ಜಾಗವೇ ಅದಲುಬದಲು, ಎಡಗಡೆಯ ಅಲಗು ಮೇಲೆ ಬರುತ್ತದೆ. ಬರೀ ಹಿಡಿ ಬದಲಾಯಿಸಿ "ಎರಡೂ ಕೈಗೆ ಆಗುತ್ತೆ" ಅಂತ ಮಾರುವುದು ಎಡಗೈಯ ಮಗುವಿಗೆ ಪ್ರಯೋಜನವಿಲ್ಲ. ಕೊಳ್ಳುವಾಗ ಅಲಗು ನೋಡಿ.

ಡಬ್ಬ ಕಳಿಸುವವರಿಗೆ ಎಡಗೈ ಕತ್ತರಿ ಇದೆಯಾ ಅಂತ ಬರೆದೆವು. ಎರಡೇ ದಿನದಲ್ಲಿ ಮರ್ಯಾದೆಯಿಂದ ಉತ್ತರ ಬಂತು. ಕತ್ತರಿ ಮಾತ್ರ ಅವರ ಹತ್ತಿರ ಇರಲಿಲ್ಲ. ಬೇರೆ ಕಡೆಯಿಂದ ತರಿಸಿದೆವು. ಬಂದ ದಿನ ಎರಡು ಬೆರಳು ಅಗಲದ ದಪ್ಪ ಕಾಗದದ ಪಟ್ಟಿ ಕೊಟ್ಟೆ. ಕತ್ತರಿ ಕಲಿಸುವಾಗ ಹಾಳೆ ಕೊಡಬಾರದು, ಪಟ್ಟಿ ಕೊಡಬೇಕು. ಒಂದು ಸಲ ಬಾಯಿ ಮುಚ್ಚಿದರೆ ತುಂಡಾಗಿ ಬೀಳುವಷ್ಟು ಸಣ್ಣ ಪಟ್ಟಿ. ಕಾಗದವೂ ಪೋಸ್ಟ್‌ಕಾರ್ಡಿನಷ್ಟು ಗಟ್ಟಿ ಇರಬೇಕು. ತೆಳು ಕಾಗದ ಬಳುಕುತ್ತದೆ, ಗಟ್ಟಿಯದು ನಿಲ್ಲುತ್ತದೆ. ಅವನು ಒತ್ತಿದ. ಟಕ್. ಚೂರು ಕೆಳಗೆ ಬಿತ್ತು. ಅದನ್ನೇ ನೋಡಿದ, ನನ್ನನ್ನು ನೋಡಿದ, ಮತ್ತೆ ಒತ್ತಿದ. ಟಕ್. ಅವತ್ತು ಪುಸ್ತಕದಲ್ಲಿ ಬರೆದಿದ್ದೇನೆ: ನನ್ನ ಕೈ 2 ನಿಮಿಷ, ಅವನ ಕೈ 40 ನಿಮಿಷ. ಆ ಚೂರುಗಳನ್ನು ಎಸೆಯಲು ಬಿಡಲಿಲ್ಲ, ಒಂದು ಡಬ್ಬಿಗೆ ತುಂಬಿಸಿಟ್ಟ. ಅವು ಆಮೇಲೆ ಮೀನಿನ ಚಿತ್ರಕ್ಕೆ ಹುರುಪೆಯಾದವು.

ಇನ್ನು ಬೊಂಬೆ. ಎರಡನೇ ಡಬ್ಬದಲ್ಲಿ ಬೆರಳಿಗೆ ಹಾಕುವ ಬೊಂಬೆ ಹೊಲಿಯುವ ಚಟುವಟಿಕೆ ಇತ್ತು. ಫೆಲ್ಟ್ ಬಟ್ಟೆಯ ಮೊಲ, ಕರಡಿ, ಆನೆ. ಅಂಚಿನಲ್ಲಿ ತೂತು ಮೊದಲೇ ಹೊಡೆದಿದ್ದರು. ಪ್ಲಾಸ್ಟಿಕ್ ಸೂಜಿ, ಉಲ್ಲನ್ ದಾರ. ಬಟ್ಟೆಯ ಗುಣಮಟ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಗಟ್ಟಿ ಫೆಲ್ಟ್, ಅಂಚು ಬಿಟ್ಟುಕೊಳ್ಳುವುದಿಲ್ಲ, ಬಣ್ಣ ಕೈಗೆ ಹತ್ತುವುದಿಲ್ಲ. ಆದರೆ ತೂತುಗಳು ತೀರಾ ಹತ್ತಿರ ಹತ್ತಿರ ಇದ್ದವು, ಒಂದು ಬೊಂಬೆಗೆ ಮೂವತ್ನಾಲ್ಕು. ಐದು ವರ್ಷದ ಮಗು ಎಂಟು ಹತ್ತು ತೂತು ಮುಗಿಸುವಷ್ಟರಲ್ಲಿ ಸುಸ್ತಾಗುತ್ತದೆ. ಉಳಿದದ್ದು ಯಾರು ಹೊಲಿಯಬೇಕು? ನಾನೇ. ಪುಸ್ತಕ ನೋಡಿದರೆ: ನನ್ನ ಕೈ 25 ನಿಮಿಷ, ಅವಳ ಕೈ 6 ನಿಮಿಷ. ಚಿಕ್ಕವನದು ಸೊನ್ನೆ.

ದಾರವನ್ನೂ ಅಳತೆ ಮಾಡಿ ಕತ್ತರಿಸಿ ಕೊಟ್ಟಿದ್ದರು, ಆದರೆ ದೊಡ್ಡವರ ತೋಳಿನ ಅಳತೆಗೆ. ಉದ್ದ ದಾರ ಮಕ್ಕಳ ಕೈಯಲ್ಲಿ ಗಂಟಾಗುತ್ತದೆ, ಗಂಟಾದರೆ ಅಲ್ಲಿಗೆ ಆಟ ಮುಗಿಯಿತು. ಹೊಲಿಗೆ ಕಲಿಯಲು ಬಂದವರಿಗೆಲ್ಲ ನಾನು ಮೊದಲು ಹೇಳುತ್ತಿದ್ದದ್ದು ಇದನ್ನೇ: ಕೈ ಒಂದು ಸಲ ಚಾಚಿದರೆ ದಾರ ಪೂರ್ತಿ ಹೊರಗೆ ಬರಬೇಕು. ಮಗುವಿನ ಕೈಯಲ್ಲೇ ಅಳೆಯಿರಿ. ಅವರ ಮೊಳಕೈಯಿಂದ ಬೆರಳ ತುದಿಗೆ ಒಂದು ಮೊಳ, ಅಂಥ ಎರಡು ಮೊಳ ದಾರ ಸಾಕು. ಸೂಜಿಯಿಂದ ಪದೇ ಪದೇ ಕಳಚಿ ಹೋಗುವುದಾದರೆ ಜೋಡಿ ಮಾಡಿ ತುದಿಗೆ ಗಂಟು ಹಾಕಿ, ಆಗ ಅಳತೆ ನಾಲ್ಕು ಮೊಳ ಮಾಡಿಕೊಳ್ಳಿ. ಇಂಥ ವಿಷಯ ಸೂಚನೆಯ ಕಾರ್ಡಿನಲ್ಲಿ ಒಂದು ಸಾಲೂ ಇರಲಿಲ್ಲ.

ಅದರ ಬದಲು ಇದ್ದದ್ದು ಒಂದು ದೊಡ್ಡ ಬಣ್ಣದ ಫೋಟೋ. ಸಮನಾದ ಹೊಲಿಗೆ, ಎರಡು ಕಿವಿ ನೆಟ್ಟಗೆ, ಮೂಗು ಸರಿಯಾಗಿ ಮಧ್ಯದಲ್ಲಿ. ದೊಡ್ಡವಳು ತನ್ನ ಮೊಲವನ್ನು ಆ ಫೋಟೋದ ಪಕ್ಕದಲ್ಲಿ ಇಟ್ಟಳು. ನೋಡುತ್ತಾ ನೋಡುತ್ತಾ ಮುಖ ಸಣ್ಣಗಾಯಿತು. "ನಂದು ಕೆಟ್ಟದಾಗಿದೆ" ಅಂತ ಅತ್ತೇಬಿಟ್ಟಳು. ಒಂದು ಕಿವಿ ನಿಂತಿತ್ತು, ಇನ್ನೊಂದು ಜೋತುಬಿದ್ದಿತ್ತು, ನಿಜ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರ್ಡನ್ನು ಮಗುಚಿಟ್ಟೆ. "ಈ ಮೊಲ ಏನು ಮಾಡ್ತಿದೆ ಹೇಳು ನೋಡೋಣ" ಅಂದೆ. ಸ್ವಲ್ಪ ಹೊತ್ತು ಮೂಗು ಸೊರಗುಟ್ಟುತ್ತಾ ನೋಡಿದಳು. "ಒಂದು ಕಿವಿ ಮಲಗಿದೆ, ಇನ್ನೊಂದು ಕಾಯ್ತಿದೆ" ಅಂದಳು. ಅವತ್ತಿನಿಂದ ಆ ಮೊಲಕ್ಕೆ ಕಾವಲು ಮೊಲ ಅಂತ ಹೆಸರು, ರಾತ್ರಿ ದಿಂಬಿನ ಪಕ್ಕದಲ್ಲೇ ಅದರ ಜಾಗ.

ಇದನ್ನು ನಾನು ಸಣ್ಣ ವಿಷಯ ಅಂತ ತಿಳಿಯುವುದಿಲ್ಲ. ಮಕ್ಕಳಿಗೆ ಕೊಡುವ ಕಿಟ್‌ನಲ್ಲಿ ಮುಗಿದ ವಸ್ತುವಿನ ಫೋಟೋ ಇರಬಾರದು. ಇದ್ದೇ ತೀರಬೇಕು ಅಂದರೆ ಮಕ್ಕಳೇ ಮಾಡಿದ ನಾಲ್ಕು ಬೇರೆ ಬೇರೆ ಮೊಲದ ಫೋಟೋ ಹಾಕಲಿ. ಮೂರನೇ ಡಬ್ಬ ಬಂದಾಗ ಕಾರ್ಡುಗಳನ್ನು ನಾನು ಮೊದಲು ತೆಗೆದು ಓದಿ, ಬೀರುವಿನಲ್ಲಿಟ್ಟು, ಸಾಮಾನು ಮಾತ್ರ ಮಕ್ಕಳ ಮುಂದೆ ಸುರಿದೆ. ನೀವೂ ಹಾಗೇ ಮಾಡಿ.

ಚಿಕ್ಕವನಿಗೂ ಹೊಲಿಯುವ ಆಸೆ. ಡಬ್ಬದ ಮುಚ್ಚಳವನ್ನೇ ಅಂಗೈಯಷ್ಟು ಅಗಲಕ್ಕೆ ಕತ್ತರಿಸಿ, ಹೆಬ್ಬೆರಳಷ್ಟು ದೂರ ದೂರಕ್ಕೆ ಎಂಟು ತೂತು ಹೊಡೆದೆ. ಹಳೆಯ ಶೂ ದಾರ ಕೊಟ್ಟೆ. ಅದರ ತುದಿ ಗಟ್ಟಿ ಇರುತ್ತದಲ್ಲ, ಸೂಜಿಯೇ ಬೇಡ. ಮಕ್ಕಳು ಮೊದಮೊದಲು ದಾರವನ್ನು ಮೇಲಿನಿಂದಲೇ ತೂರಿಸಿ, ಅಂಚಿನ ಮೇಲೆ ಸುತ್ತಿ ತಂದು, ಮತ್ತೆ ಮೇಲಿನಿಂದಲೇ ತೂರಿಸುತ್ತಾರೆ. ತಪ್ಪು ಅಂತ ಹೇಳಬೇಡಿ. ಅದೂ ಒಂದು ಹೊಲಿಗೆಯೇ, ಅಂಚು ಸುತ್ತುವ ಹೊಲಿಗೆ. ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗುವ ಓಡು ಹೊಲಿಗೆ ಹತ್ತು ದಿನ ಬಿಟ್ಟು ತಾನಾಗೇ ಬಂತು. ಎಂಟು ತೂತು, ಹದಿನೈದು ನಿಮಿಷ, ಪೂರ್ತಿ ಅವನ ಕೈ.

ಹಿಟ್ಟಿನ ಚಟುವಟಿಕೆ ಮೊದಲ ಡಬ್ಬದಲ್ಲೇ ಇತ್ತು. ಒಣ ಪುಡಿಯ ಪೊಟ್ಟಣ, ನೀರು ಹಾಕಿ ಕಲಸಿದರೆ ಆಡುವ ಹಿಟ್ಟು. ಕಲಸುವ ಖುಷಿ ಏನೋ ಮಕ್ಕಳಿಗೆ ಸಿಕ್ಕಿತು. ಆದರೆ ಹಿಟ್ಟು ಮೊದಲ ಅರ್ಧ ಗಂಟೆ ಕೈಗೆ ಅಂಟುತ್ತಿತ್ತು, ಮಾರನೇ ದಿನ ಬಿರುಕು ಬಿಟ್ಟು ಉದುರಿತು. ಮನೆಯಲ್ಲಿ ಮಾಡಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ನಾನು ಮಾಡುವುದು ಒಲೆಯ ಮೇಲೆ ಬೇಯಿಸಿದ ಹಿಟ್ಟು. ಮೈದಾ 2 ಲೋಟ, ಪುಡಿ ಉಪ್ಪು 1 ಲೋಟ, ನೀರು 2 ಲೋಟ, ಎಣ್ಣೆ 2 ದೊಡ್ಡ ಚಮಚ, ಕ್ರೀಮ್ ಆಫ್ ಟಾರ್ಟರ್ (ಕೇಕ್ ಮಾಡುವವರು ಬಳಸುವ ಹುಳಿ ಪುಡಿ) 2 ದೊಡ್ಡ ಚಮಚ. ಕ್ರೀಮ್ ಆಫ್ ಟಾರ್ಟರ್ ಇಲ್ಲದಿದ್ದರೆ ನಿಂಬೆರಸ ಹಾಕಬಹುದು, ಬಾಳಿಕೆ ಸ್ವಲ್ಪ ಕಡಿಮೆ. ಅಳೆದು ಸುರಿಯುವುದೆಲ್ಲ ಮಕ್ಕಳೇ. ಲೋಟದ ಮೇಲೆ ಗುಡ್ಡೆಯಾದ ಹಿಟ್ಟನ್ನು ಸ್ಕೇಲಿನಿಂದ ಸರ್ ಅಂತ ಸವರಿ ಸಮ ಮಾಡುವುದು ನಮ್ಮ ಚಿಕ್ಕವನಿಗೆ ಇಡೀ ಆಟದಲ್ಲೇ ಇಷ್ಟದ ಭಾಗ. ಬಣ್ಣವನ್ನೂ ಅವರೇ ಆರಿಸುತ್ತಾರೆ, ನೀರಿನಲ್ಲೇ ಕದಡಿಬಿಡಿ. ಆಮೇಲೆ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ನಾನು ಬೇಯಿಸುತ್ತೇನೆ. ಆಗ ಮಕ್ಕಳು ಒಲೆಯಿಂದ ದೂರ. ನಾಲ್ಕೈದು ನಿಮಿಷದಲ್ಲಿ ಗಂಜಿಯಂತಿದ್ದದ್ದು ಗಟ್ಟಿಯಾಗಿ, ಪಾತ್ರೆಯ ತಳ ಬಿಟ್ಟು ಉಂಡೆಯಾಗುತ್ತದೆ. ಕೆಳಗಿಳಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಮಕ್ಕಳ ಕೈಗೆ. ಆ ಬೆಚ್ಚನೆಯ ಹಿಟ್ಟು ನಾದುವಾಗ ಇಬ್ಬರೂ ಮಾತೇ ಆಡುವುದಿಲ್ಲ. ಹದ ಸರಿ ಇದೆಯಾ ಅಂತ ನೋಡಲು ಕಿವಿಯ ಹಾಲೆ ಮುಟ್ಟಿ ನೋಡಿಕೊಳ್ಳಿ, ಅಷ್ಟು ಮೆತ್ತಗಿರಬೇಕು.

ಬೇಯಿಸುವುದು ಯಾಕೆ ಅಂದರೆ, ಬೆಂದ ಹಿಟ್ಟು ಅಂಟುವುದಿಲ್ಲ, ತುಂಬಾ ದಿನ ಬರುತ್ತದೆ. ಜೊತೆಗೆ ಹಸಿ ಹಿಟ್ಟಿನಲ್ಲಿ ರೋಗಾಣು ಇರುವ ಸಾಧ್ಯತೆ ಇದೆ, ಮಕ್ಕಳ ಕೈ ಬಾಯಿಗೆ ಹೋಗದೆ ಇರುತ್ತಾ? ಉಪ್ಪು ಜಾಸ್ತಿ ಇರುವುದರಿಂದ ಬೂಷ್ಟು ಬೇಗ ಹಿಡಿಯುವುದಿಲ್ಲ, ಮಕ್ಕಳು ಒಂದು ಸಲ ನೆಕ್ಕಿದರೆ ಎರಡನೇ ಸಲ ಬಾಯಿಗಿಡುವುದೂ ಇಲ್ಲ. ಮನೆಯಲ್ಲಿ ನಾಯಿ ಇದ್ದರೆ ಮಾತ್ರ ಹುಷಾರು. ಅಷ್ಟೊಂದು ಉಪ್ಪು ನಾಯಿಯ ಜೀವಕ್ಕೇ ಅಪಾಯ, ನೆಲದ ಮೇಲೆ ಬಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಮ್ಮದು ಮೂರು ವಾರ ಬಂತು. ಪುಸ್ತಕದಲ್ಲಿ: ನನ್ನ ಕೈ 12 ನಿಮಿಷ. ಅವರದು ಮೊದಲ ದಿನವೇ 55. ಆಮೇಲೆ ಲೆಕ್ಕ ಬಿಟ್ಟೆ.

ಅಂದ ಹಾಗೆ, ಅಂಗಡಿಯಲ್ಲಿ ಸಿಗುವ ಪ್ಲೇ-ಡೋ ಅನ್ನುವ ಆಡುವ ಹಿಟ್ಟು ಕೂಡ ಶುರುವಾದದ್ದು ಆಟದ ಸಾಮಾನಾಗಿ ಅಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಕುಟೋಲ್ ಅನ್ನುವ ಕಂಪನಿ ಅದನ್ನು ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಮಸಿ ಉಜ್ಜಿ ತೆಗೆಯಲು ಮಾಡುತ್ತಿತ್ತು. ಮನೆಗಳಲ್ಲಿ ಕಲ್ಲಿದ್ದಲು ಉರಿಸುವುದು ಕಡಿಮೆಯಾಯಿತು, ಮಸಿಯೂ ಹೋಯಿತು, ವ್ಯಾಪಾರವೂ ಇಳಿಯಿತು. ಆಗ ಪುಟ್ಟ ಮಕ್ಕಳ ಶಾಲೆಯ ಟೀಚರ್ ಒಬ್ಬರು ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಆಟದ ಹಿಟ್ಟಾಗಿ ಅಂಗಡಿಗೆ ಬಂತು. ಇದನ್ನು ದೊಡ್ಡವಳಿಗೆ ಹೇಳಿದ್ದೇ ತಪ್ಪಾಯಿತು, ಒಂದು ಉಂಡೆ ತಗೊಂಡು ಮನೆಯ ಗೋಡೆಯೆಲ್ಲ ಉಜ್ಜಿಬಂದಳು. ಗೋಡೆ ಚೊಕ್ಕಟವಾಗಲಿಲ್ಲ, ನೀಲಿಯಾಯಿತು. ಒದ್ದೆ ಬಟ್ಟೆಗೆ ಹೋಯಿತು, ಚಿಂತೆಯಿಲ್ಲ.

ಜ್ವಾಲಾಮುಖಿ ಆಟ ಇಂಥ ಡಬ್ಬಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದರಲ್ಲೂ ಇತ್ತು. ರಟ್ಟಿನ ಬೆಟ್ಟ, ಒಂದು ಪೊಟ್ಟಣ ಅಡುಗೆ ಸೋಡಾ, ಒಂದು ಪುಟ್ಟ ಬಾಟಲಿ ವಿನೆಗರ್. ಸುರಿದರು, ಬುಸ್ ಅಂತ ಉಕ್ಕಿತು, ಮುಗಿಯಿತು. ಎಂಟು ಸೆಕೆಂಡ್ ಇರಬಹುದು. "ಇನ್ನೊಂದ್ ಸಲ!" ಅಂತ ಇಬ್ಬರೂ ಕುಣಿದರು. ಇನ್ನೊಂದು ಪೊಟ್ಟಣ ಇರಲಿಲ್ಲ. ಬೆಟ್ಟ ಕಟ್ಟಲು ನನಗೆ ಹದಿನೆಂಟು ನಿಮಿಷ ಹಿಡಿದಿತ್ತು, ಮಕ್ಕಳಿಗೆ ಸಿಕ್ಕಿದ್ದು ಎಂಟು ಸೆಕೆಂಡ್. ಇದು ಸರಿಯಾ?

ಆದರೆ ಆ ಡಬ್ಬದಲ್ಲೇ ಇನ್ಯಾವುದೋ ಚಟುವಟಿಕೆಗೆ ಅಂತ ಎರಡು ಡ್ರಾಪರ್ ಇದ್ದವು. ಗಟ್ಟಿಮುಟ್ಟಾದ, ಪುಟ್ಟ ಬೆರಳಿಗೆ ಹೇಳಿ ಮಾಡಿಸಿದ ಹಾಗಿರುವ ಡ್ರಾಪರ್. ಅದಕ್ಕಾಗಿ ಅವರಿಗೆ ಧನ್ಯವಾದ ಹೇಳಲೇಬೇಕು. ಮಾರನೇ ದಿನ ಅಗಲ ತಟ್ಟೆಯಲ್ಲಿ ನಮ್ಮ ಅಡುಗೆ ಸೋಡಾವನ್ನೇ ಹರಡಿದೆ. ಮೂರು ಬಟ್ಟಲಲ್ಲಿ ವಿನೆಗರ್, ಒಂದೊಂದಕ್ಕೆ ಒಂದೊಂದು ಬಣ್ಣ. ಡ್ರಾಪರ್‌ನಲ್ಲಿ ಹೀರಿ, ಒಂದೊಂದೇ ಹನಿ ಬಿಡಬೇಕು. ಹನಿ ಬಿದ್ದಲ್ಲೆಲ್ಲ ಒಂದೊಂದು ಪುಟ್ಟ ಬುಸ್. ಹೀರುವುದು, ತಡೆಹಿಡಿಯುವುದು, ಒಂದೇ ಹನಿ ಬಿಡುವುದು, ಈ ಮೂರು ಕೆಲಸವೂ ಬೆರಳಿಗೆ ಕಷ್ಟ. ಪೆನ್ಸಿಲ್ ಹಿಡಿಯುವ ಬೆರಳುಗಳೇ ಇಲ್ಲೂ ದುಡಿಯುವುದು. ಹಳದಿ ಮತ್ತು ನೀಲಿ ಒಂದೇ ಜಾಗದಲ್ಲಿ ಬಿದ್ದು ಹಸಿರು ನೊರೆ ಬಂದಾಗ ದೊಡ್ಡವಳು ಉಸಿರು ಬಿಗಿಹಿಡಿದು, "ಅಜ್ಜಿ, ನಾನು ಹಸಿರು ಮಾಡ್ದೆ" ಅಂದಳು. ಯಾರೂ ಹೇಳಿಕೊಡದೆ ಕಂಡುಕೊಂಡದ್ದು. ನೊರೆ ದಪ್ಪ ಬರಬೇಕಾದರೆ ವಿನೆಗರ್‌ಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಸೇರಿಸಿ. ಒಂದು ಎಚ್ಚರ: ಇದನ್ನು ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಲೇಬೇಡಿ. ಬರುವುದು ಇಂಗಾಲದ ಡೈಆಕ್ಸೈಡ್ ಅನಿಲ, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ವಿನೆಗರ್ ಕಣ್ಣಿಗೆ ಹಾರಿದರೂ ಉರಿ, ಅದಕ್ಕೆ ಪಕ್ಕದಲ್ಲೇ ಕೂರಬೇಕು.

ಕಾರ್ನ್‌ಫ್ಲೋರ್ ಆಟವೂ ಒಂದಿತ್ತು. ಎರಡು ಪಾಲು ಪುಡಿ, ಒಂದು ಪಾಲು ನೀರು. ಗುದ್ದಿದರೆ ಗಟ್ಟಿ, ಸುಮ್ನೆ ಬಿಟ್ಟರೆ ಬೆರಳಸಂದಿಯಿಂದ ಹರಿದುಹೋಗುತ್ತದೆ. ಕಾರ್ಡಿನ ಅಳತೆ ಸರಿಯಾಗಿತ್ತು, ಮಕ್ಕಳು ಒಂದು ಗಂಟೆ ಆಡಿದರು. ಆಟ ಆದ ಮೇಲೆ ಅದನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ತಳ ಕೂತು ಕಟ್ಟಿಕೊಳ್ಳುತ್ತದೆ. ಒಣಗಿಸಿ ಕಸಕ್ಕೆ ಹಾಕಿ. ಇದನ್ನು ಅವರು ಬರೆಯಬೇಕಿತ್ತು.

ಈಗ ನಾನು ಗಟ್ಟಿಯಾಗಿ ಹೇಳಬೇಕಾದ್ದು. ಮೂರನೇ ಡಬ್ಬದಲ್ಲಿ ಒಂದು ಪುಟ್ಟ ಪೊಟ್ಟಣ ಇತ್ತು, ಒಳಗೆ ಸಾಸಿವೆ ಗಾತ್ರದ ಬಣ್ಣದ ಕಾಳುಗಳು. ನೀರಿಗೆ ಹಾಕಿದರೆ ಊದಿಕೊಂಡು ಗೋಲಿಯಷ್ಟಾಗುವ ಮಣಿ. ನೋಡಿದ ತಕ್ಷಣ ಎದೆ ಧಸಕ್ ಅಂತು. ಚಿಕ್ಕವನು ಅಲ್ಲೇ ಕೂತಿದ್ದ. ಮಗು ಅದನ್ನು ನುಂಗಿದರೆ ಹೊಟ್ಟೆಯೊಳಗೆ ಊದುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಕಿವಿಗೆ ಮೂಗಿಗೆ ಹಾಕಿಕೊಂಡರೂ ಅಲ್ಲೇ ಊದುತ್ತದೆ. ಸಾಮಾನ್ಯವಾಗಿ ಎಕ್ಸ್‌ರೇಯಲ್ಲೂ ಕಾಣುವುದಿಲ್ಲ, ಹಾಗಾಗಿ ಏನಾಗಿದೆ ಅಂತ ತಿಳಿಯುವುದೇ ತಡ. 2023ರ ಡಿಸೆಂಬರ್‌ನಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್‌ನಂಥ ದೊಡ್ಡ ಅಂಗಡಿಗಳೇ ಅಮೆರಿಕದಲ್ಲಿ ಮಕ್ಕಳಿಗೆಂದು ಮಾರುವ ಇಂಥ ಮಣಿಗಳನ್ನು ನಿಲ್ಲಿಸುವುದಾಗಿ ಹೇಳಿದವು. ಅಷ್ಟಾದರೂ ಮೂರು ವರ್ಷದವರ ಡಬ್ಬದಲ್ಲಿ ಇದನ್ನು ಇಟ್ಟಿದ್ದು ದೊಡ್ಡ ತಪ್ಪು. ಪೊಟ್ಟಣ ಬಿಚ್ಚದೆ, ಟೇಪ್ ಸುತ್ತಿ ಕಸಕ್ಕೆ ಹಾಕಿದೆ. ನೆಲದ ಮೇಲೆ ಕಾಳು ಬಿದ್ದಿದೆಯಾ ಅಂತ ಟಾರ್ಚ್ ಹಿಡಿದು ಮಂಚದ ಕೆಳಗೂ ನೋಡಿದೆ. ಮಗಳು ಕಂಪನಿಗೆ ಖಾರವಾಗಿಯೇ ಬರೆದಳು. "ಪರಿಶೀಲಿಸುತ್ತೇವೆ" ಅಂತ ಉತ್ತರ ಬಂತು, ಮುಂದೇನಾಯಿತೋ ತಿಳಿಸಲಿಲ್ಲ. ಇದೊಂದಕ್ಕೇ ನಾನು ಅವರ ಅಂಕ ಅರ್ಧಕ್ಕೆ ಇಳಿಸಿದ್ದೇನೆ.

ಬೊಂಬೆಗೆ ಅಂಟಿಸುವ ಅಲ್ಲಾಡುವ ಪ್ಲಾಸ್ಟಿಕ್ ಕಣ್ಣೂ ಹಾಗೇ. ಮೂರು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ, ಅಥವಾ ಆಡಲು ಬರುತ್ತಿದ್ದರೆ, ಸಣ್ಣ ಸಾಮಾನು ಎಲ್ಲ ಎತ್ತಿಡಿ. ಆಟಿಕೆಗಳನ್ನು ಪರೀಕ್ಷಿಸಲು ಸುಮಾರು 3.2 ಸೆಂಟಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಕೂರುವ ವಸ್ತುವನ್ನು ಆ ವಯಸ್ಸಿನ ಮಕ್ಕಳಿಗೆ ಕೊಡುವಂತಿಲ್ಲ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುತ್ತುವ ರಟ್ಟಿನ ಕೊಳವೆಯಲ್ಲಿ ಹಾಕಿ ನೋಡಿ. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಲೆಕ್ಕ ಸುರಕ್ಷಿತ ಕಡೆಗೇ ಇರುತ್ತದೆ. ನಾವು ಕಣ್ಣಿನ ಬದಲು ದಾರದಿಂದ ಎರಡು ಅಡ್ಡ ಹೊಲಿಗೆ ಹಾಕಿದೆವು. ಕಿತ್ತು ಬರುವ ಭಯವಿಲ್ಲ.

ಉಳಿದದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪಂಜಿನ ಅಚ್ಚುಗಳು ಚೆನ್ನಾಗಿದ್ದವು. ಬಣ್ಣಗಳು ಬಟ್ಟೆಯಿಂದ ಸೋಪಿಗೆ ಹೋದವು, ಕೆಂಪು ಮಾತ್ರ ಸ್ವಲ್ಪ ಉಳಿಯಿತು. ಬಿಳಿ ಅಂಟು ಚೆನ್ನಾಗಿ ಹಿಡಿಯುತ್ತದೆ, ಆದರೆ ಬಾಟಲಿಯನ್ನು ಹಾಗೇ ಕೈಗೆ ಕೊಟ್ಟರೆ ಮಕ್ಕಳು ಹಿಸುಕಿ ಹಿಸುಕಿ ಖಾಲಿ ಮಾಡುತ್ತಾರೆ. ಒಂದು ಮುಚ್ಚಳಕ್ಕೆ ಸ್ವಲ್ಪ ಹಾಕಿ, ಹತ್ತಿ ಸುತ್ತಿದ ಕಡ್ಡಿ ಕೊಡಿ. ಕಾಗದ ಹೆಣೆಯುವ ಚಾಪೆ ಇಬ್ಬರಿಗೂ ಹಿಡಿಸಲಿಲ್ಲ. ತೂತು ಹೊಡೆಯುವ ಪಂಚ್ ಮಾತ್ರ ಬಂಗಾರದಂಥದ್ದು. ಒತ್ತಲು ಇಬ್ಬರೂ ಎರಡೂ ಕೈ ಹಾಕಬೇಕು, ಆದರೂ ಬಿಡುವುದಿಲ್ಲ.

ಹಾಗಾದರೆ ತರಿಸಬೇಕಾ? ಮನೆಯಲ್ಲಿ ಕತ್ತರಿ, ಅಂಟು, ಬಣ್ಣ ಏನೂ ಇಲ್ಲದವರು, ಎಲ್ಲಿಂದ ಶುರು ಮಾಡಬೇಕು ಅಂತ ತೋಚದವರು ಒಂದು ತಿಂಗಳದ್ದು ತರಿಸಿ. ಸಾಮಾನು ಒಂದೇ ಕಡೆ ಸಿಗುತ್ತದೆ, ಆರು ಯೋಚನೆಯೂ ಸಿಗುತ್ತದೆ. ಹುಟ್ಟುಹಬ್ಬಕ್ಕೆ ಕೊಡಲೂ ಒಳ್ಳೆಯದು. ತೆರೆದ ಕೂಡಲೇ ಮಕ್ಕಳ ಕೈಗೆ ಕೊಡಬೇಡಿ, ಮೊದಲು ನೀವು ನೋಡಿ. ಮೂರು ತಿಂಗಳು ಬೇಕಾಗಿಲ್ಲ. ಹದಿನೆಂಟು ಚಟುವಟಿಕೆಯಲ್ಲಿ ಮಕ್ಕಳ ನಿಮಿಷ ನನ್ನದಕ್ಕಿಂತ ಜಾಸ್ತಿ ಇದ್ದದ್ದು ಏಳರಲ್ಲಿ ಮಾತ್ರ. ನಾವೇ ಮಾಡಿಕೊಂಡದ್ದರಲ್ಲಿ ಒಂದರಲ್ಲೂ ನನ್ನ ಕೈ ಮುಂದೆ ಬರಲಿಲ್ಲ.

ಎಲ್ಲ ಸೇರಿಸಿ ಐದಕ್ಕೆ ಎರಡು ಕೊಡುತ್ತೇನೆ. ಮಣಿಯ ಪೊಟ್ಟಣ ಇಲ್ಲದಿದ್ದರೆ ನಾಲ್ಕು ಕೊಡುತ್ತಿದ್ದೆ. ಕತ್ತರಿಗೆ ಕಮ್ಮಿ ಮಾಡಿದರೂ ಡ್ರಾಪರ್, ಪಂಚ್, ಫೆಲ್ಟ್ ಅದನ್ನು ತುಂಬಿಕೊಡುತ್ತವೆ. ಸ್ಟೀಲ್ ಅಲಗಿನ ಕತ್ತರಿ, ಕೇಳಿದವರಿಗೆ ಎಡಗೈಯದು, ಬೊಂಬೆಗೆ ಹನ್ನೆರಡೇ ತೂತು, ನಾಲ್ಕು ಪೊಟ್ಟಣ ಸೋಡಾ, ಇಷ್ಟು ಮಾಡಿದರೆ ನಾನೇ ಮತ್ತೆ ತರಿಸುತ್ತೇನೆ.

ನಾಲ್ಕನೇ ತಿಂಗಳದ್ದು ಬೇಡ ಅಂದಿದ್ದೇವೆ. ಮೂರು ಖಾಲಿ ಡಬ್ಬಗಳು ಈಗ ಒಂದರ ಮೇಲೊಂದು ನಿಂತು ಕಾವಲು ಮೊಲದ ಮನೆಯಾಗಿವೆ. ಬಾಗಿಲನ್ನು ಚಿಕ್ಕವನು ತನ್ನ ಕತ್ತರಿಯಲ್ಲಿ ಕತ್ತರಿಸುತ್ತಿದ್ದಾನೆ. ರಟ್ಟು ದಪ್ಪ, ದಿನಕ್ಕೆ ಒಂದು ಬೆರಳಷ್ಟೇ ಸಾಗುತ್ತದೆ. ನಿನ್ನೆಗೆ ಮೂರು ಬೆರಳಾಗಿದೆ. ನಾನು ಕತ್ತರಿಸಿ ಕೊಡ್ಲಾ ಅಂತ ಅಕ್ಕ ಕೇಳಿದ್ದಕ್ಕೆ ಬೇಡ ಅಂದ.